ನೋಯದ ಗಾಯ

ಕಟಿಂಗ್ ಶಾಪಿನ ಕತ್ತರಿಯಣ್ಣನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ದಿನವಿಡೀ ನಿಂತೇ ಮಾಡುವ ಕೆಲಸ. ಈಗ ಕಾಲಿನ ಹೆಬ್ಬೆರಳ ಕೆಳಗೆ ಒಂದು ಗಾಯವಾಗಿ, ಏನು ಮಾಡಿದರೂ ಮಾಯುತ್ತಿರಲಿಲ್ಲ. ಕಾಲೇ ಕೈಕೊಟ್ಟರೆ ಗತಿಯೇನು ಎಂದು ಹೆಂಡತಿಗೆ ದಿಗಿಲು. ಹೋಗಿ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಅಂಗಡಿಗೇ ಕರೆತಂದಳು.

ನರ್ಸಮ್ಮ ಫೋನ್ ತೆಗೆದಳು. "ಇದು ಪ್ರಶ್ನೆ ಕೇಳುತ್ತೆ ಅಣ್ಣಾ. ಇದ್ದದ್ದು ಇದ್ದ ಹಾಗೆ ಹೇಳಿ."

"ಅಲ್ಲಮ್ಮಾ, ಫೋನು ಯಾವಾಗ ಡಾಕ್ಟರ್ ಓದಿತು?" ಅಣ್ಣ ಕಿಚಾಯಿಸಿದ.

"ಇಂಥ ಗಾಯ ನೋಡಿ ಪಳಗಿದ ಡಾಕ್ಟರುಗಳು ಏನು ಕೇಳ್ತಾರೆ, ಹೇಗೆ ಯೋಚನೆ ಮಾಡ್ತಾರೆ ಅನ್ನೋದನ್ನ ಇದರೊಳಗೆ ತುಂಬಿದ್ದಾರೆ. ತಜ್ಞ ವ್ಯವಸ್ಥೆ ಅಂತಾರೆ ಇದಕ್ಕೆ."

ಸಕ್ಕರೆ ಕಾಯಿಲೆ ಇದೆಯೇ? ಇದೆ. ಗಾಯ ಒಣಗುತ್ತಿದೆಯೇ? ಇಲ್ಲ. ನೋವಿದೆಯೇ?

"ನೋವೂ ಇಲ್ಲ, ಗೀವೂ ಇಲ್ಲ!" ಅಬ್ಬಾ, ಅಣ್ಣನ ಜಂಬವೇ!

'ಇಂದೇ ಆಸ್ಪತ್ರೆಗೆ ಹೋಗಿ' ಎಂದಿತು ಫೋನು.

"ನೋಡಿದ್ರಾ! ನೋವಿಲ್ಲ ಅಂದವನನ್ನ ಆಸ್ಪತ್ರೆಗೆ ಅಟ್ಟುತ್ತೆ. ತಲೆ ಕೆಟ್ಟಿರೋದು ಇದಕ್ಕೇ!"

ನರ್ಸಮ್ಮ 'ಯಾಕೆ?' ಎಂಬ ಗುಂಡಿ ಒತ್ತಿ, ಬಂದ ಉತ್ತರ ಓದಿದಳು. "ಸಕ್ಕರೆ ಕಾಯಿಲೆಯವರ ಗಾಯ ನೋಯದಿದ್ದರೆ, ಪಾದದ ನರಗಳು ಮರಗಟ್ಟಿರಬಹುದು. ಗೊತ್ತೇ ಆಗದಂತೆ ಗಾಯ ಒಳಗೊಳಗೇ ಬೆಳೆಯಬಹುದು."

"ನನ್ನ ಕಾಲು ನನಗೆ ಗೊತ್ತಿಲ್ವಾ? ಕಣ್ಣು ಮುಚ್ತೀನಿ. ಶುರು ಮಾಡಿ. ಎಲ್ಲಿ ಮುಟ್ಟಿದ್ರಿ ಅಂತ ಹೇಳ್ತೀನಿ."

ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತು ಕಾಲು ಚಾಚಿದ. ನರ್ಸಮ್ಮ ಹತ್ತಿಯಿಂದ ಒಂದೊಂದೇ ಬೆರಳನ್ನು ಸವರಿದಳು. ಅಣ್ಣ ತುಟಿ ಪಿಟಕ್ಕೆನ್ನಲಿಲ್ಲ.

"ಶುರು ಮಾಡಿ ಅಂದ್ನಲ್ಲಮ್ಮಾ, ಎಷ್ಟು ಹೊತ್ತು ಕಾಯಿಸ್ತೀರಿ?"

"ರೀ... ಎಲ್ಲಾ ಬೆರಳೂ ಮುಟ್ಟಿ ಆಯ್ತು ರೀ," ಎಂದು ಹೆಂಡತಿ ಅತ್ತೇಬಿಟ್ಟಳು.

ಅಣ್ಣ ಕಣ್ಣು ಬಿಟ್ಟ. ಮುಖ ಸಪ್ಪಗಾಯಿತು. ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಹೊರಟ. ಡಾಕ್ಟರು ಪರೀಕ್ಷೆ ಮಾಡಿ, ಕೀವು ತೆಗೆದು, ಔಷಧಿ ಕೊಟ್ಟರು. "ಇನ್ನೂ ತಡ ಮಾಡಿದ್ರೆ ಬೆರಳು ಉಳಿಸೋದು ಕಷ್ಟ ಆಗ್ತಿತ್ತು," ಎಂದರು.

ಈಗ ಗಾಯ ಮಾಯ್ದಿದೆ. ಗಡ್ಡಕ್ಕೆ ನೊರೆ ಹಚ್ಚುತ್ತಲೇ ಅಣ್ಣ ಗಿರಾಕಿಗಳ ಪ್ರಾಣ ತಿನ್ನುತ್ತಾನೆ. "ಸಕ್ಕರೆ ಇದೆಯಾ? ಮೊದಲು ಚಪ್ಪಲಿ ಬಿಡಪ್ಪಾ, ಪಾದ ನೋಡೋಣ!"

ನಿಮಗೂ ಹೇಳುತ್ತೇವೆ, ಕೇಳಿ. ಸಕ್ಕರೆ ಕಾಯಿಲೆ ಇದ್ದವರು ದಿನಾ ಅಂಗಾಲು ನೋಡಿಕೊಳ್ಳಿ. ನರ್ಸಮ್ಮನ ಫೋನು ಕೇಳಿದ್ದಕ್ಕೆ ನಿಜ ಹೇಳಿ. ನಾವು ಹೇಳಿದ್ದನ್ನು ನಂಬಿಕೊಂಡೇ ಅದು ಯೋಚಿಸುವುದು. ಅರ್ಥವಾಗದಿದ್ದರೆ 'ಯಾಕೆ?' ಎಂದು ಕೇಳಿ, ಸಂಕೋಚ ಬೇಡ. ಚಿಕಿತ್ಸೆ ಮಾತ್ರ ಡಾಕ್ಟರ ಕೈಯಿಂದಲೇ ಆಗಲಿ. ಗಾಯ ನೋಯುತ್ತಿಲ್ಲ ಎಂದು ಸುಮ್ಮನೆ ಕೂರಬೇಡಿ, ಇಂದೇ ಹೋಗಿ ತೋರಿಸಿ.