ಅಡ್ಡಗಾಳಿಗೆ ಐದು

ತೀರ್ಥಪ್ರಸಾದನ ವಿಮಾನವನ್ನು ನಾನು ಹಾರಿಸಿ ಬಂದು ನಾಲ್ಕು ದಿನವಾಗಿತ್ತು. ನಾಲ್ಕು ದಿನವೂ ಮೂರ್ನಾಡಿನ ಮನೆಯಲ್ಲಿ ತಿಂದದ್ದು ಮೈಗೆ ಹತ್ತಲಿಲ್ಲ. ವಿಮಾನವೇನು ಅವನ ಅಪ್ಪನದ್ದಲ್ಲ. ನೂರೈವತ್ತು ಜನ ಕೂರುವ ಹೊಸ ಪ್ರಯಾಣಿಕ ವಿಮಾನ, ಕಂಪನಿಯದ್ದು. ಆದರೆ ಅಡ್ಡಗಾಳಿ ಬೀಸುವಾಗ ಅದು ಹೇಗೆ ಇಳಿಯಬೇಕು ಎಂಬುದನ್ನು ಎರಡು ವರ್ಷ ಕೂತು ತಿದ್ದಿದವನು ಅವನು. ಸಂಪಾಜೆಯ ತೀರ್ಥ. ಪೈಲಟ್ ತರಬೇತಿಯಲ್ಲಿ ನನ್ನ ಜೊತೆಗಿದ್ದು, ಪ್ರತಿ ಸಲವೂ ವಿಮಾನವನ್ನು ರನ್‌ವೇ ಮೇಲೆ ಕುಕ್ಕುತ್ತಿದ್ದವನು. ಇಳಿಸುವುದು ಹೇಗೆಂದು ಅವನಿಗೆ ಹೇಳಿಕೊಟ್ಟವನು ನಾನು. ಕಂಪನಿ ಕೆಲಸಕ್ಕೆ ಕರೆದದ್ದು ಮಾತ್ರ ಅವನನ್ನು. ನನ್ನನ್ನು ಕರೆದದ್ದು ಹೊರಗಿನ ಪರೀಕ್ಷಕನಾಗಿ, ಮೂರು ದಿನದ ಮಟ್ಟಿಗೆ.

ನಮ್ಮ ಪರೀಕ್ಷೆಯಲ್ಲಿ ಅಂಕ ತಿರುವುಮುರುವು. ಒಂದು ಎಂದರೆ ಅತ್ಯುತ್ತಮ, ಹತ್ತು ಎಂದರೆ ಕೈಗೇ ಸಿಗದ ವಿಮಾನ. ಮೂರು ದಾಟಿದರೆ ತಿದ್ದಬೇಕು. ಅಂದು ಎಡಗಡೆಯಿಂದ ಗಾಳಿ ತಳ್ಳುತ್ತಿತ್ತು. ನಾನು ಕಾಲಡಿಯ ಪೆಡಲನ್ನು ಒಂದಿಷ್ಟು ಒತ್ತಿದೆನೋ ಇಲ್ಲವೋ, ವಿಮಾನ ಮೂತಿ ನೇರ ಮಾಡಿಕೊಂಡು, ಚಕ್ರ ನೆಲಕ್ಕೆ ತಾಗಿದ್ದೂ ತಿಳಿಯದ ಹಾಗೆ ಇಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ನಾನು ಅಷ್ಟು ಚಂದ ಇಳಿಸಿರಲಿಲ್ಲ. ಹೊಟ್ಟೆಯೊಳಗೆ ಬೆಂಕಿ ಬಿತ್ತು. ಎರಡು ಕೊಡಬೇಕಾದಲ್ಲಿ ಐದು ಬರೆದು, ಸಹಿ ಹಾಕಿ ಊರಿಗೆ ಬಂದೆ.

ನನ್ನ ಹೆಂಡತಿ ಯಮುನ ಕಾಫಿಯ ರುಚಿ ನೋಡಿ ಅಂಕ ಕೊಡುವವಳು. ಐದನೆಯ ಬೆಳಿಗ್ಗೆ ಊಟದ ಮೇಜಿನ ಮೇಲೆ ಎಂಟು ಕಪ್ಪು ಇಟ್ಟುಕೊಂಡು, ಚಮಚದಿಂದ ಸರ್ರನೆ ಹೀರಿ ಉಗುಳುತ್ತಿದ್ದಳು. ತೋಟದ ಹೆಸರಿನ ಚೀಟಿ ಕಪ್ಪಿನ ಅಡಿಗೆ ಅಂಟಿಸಿರುತ್ತದೆ. ಎಲ್ಲ ಬರೆದಾದ ಮೇಲೆ, ಅತಿ ಹೆಚ್ಚು ಅಂಕ ಬಿದ್ದ, ಅಂದರೆ ಎಲ್ಲಕ್ಕಿಂತ ಒಳ್ಳೆಯ ಕಾಫಿಯ ಕಪ್ಪನ್ನು ಎತ್ತಿ ನೋಡಿದಳು.

"ಥೂ, ಲಿಖಿತಾಂದು," ಎಂದಳು. ಬೇಲಿ ಜಗಳವಾಗಿ ಪಕ್ಕದ ತೋಟದ ಲಿಖಿತಾ ಜೊತೆ ಅವಳಿಗೆ ಮಾತು ಬಿಟ್ಟು ಆರು ವರ್ಷ.

"ಹಾಗಾದ್ರೆ ಎರಡು ಅಂಕ ಇಳಿಸು. ಯಾರಿಗೆ ಗೊತ್ತಾಗ್ತದೆ?"

"ಎಂಥ ಮಾತಾಡ್ತೀರಿ? ಜಗಳ ಅವಳ ಹತ್ರ. ಕಾಫಿ ಎಂಥ ಮಾಡಿದೆ ನಂಗೆ?"

ಅವಳಿಗೆ ನನ್ನ ಐದರ ಸುದ್ದಿ ಗೊತ್ತಿರಲಿಲ್ಲ. ನನಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ಅಂಗಳಕ್ಕೆ ಬಂದು ತೀರ್ಥನಿಗೆ ಫೋನು ಮಾಡಿದೆ.

"ನಾನೇ ಮಾಡ್ಬೇಕೂಂತಿದ್ದೆ," ಎಂದ. "ನಿನ್ನ ಐದು ನೋಡಿ ಹಾರಾಟ ನಿಲ್ಲಿಸಿದ್ದೇನೆ. ಇಲ್ಲಿ ಎಲ್ಲರಿಗೂ ನಿನ್ನ ಮೇಲೆ ಸಿಟ್ಟು. ನಾನೇ ಅವರಿಗೆ, 'ಅವನ ಕೈಗೆ ಸಿಕ್ಕಿದ ತಪ್ಪು ನಮ್ಮ ಯಾರ ಕೈಗೂ ಸಿಕ್ಕಿಲ್ಲ, ಹುಡುಕಿ' ಅಂದೆ. ನಾಲ್ಕು ದಿನದಿಂದ ಹುಡುಕ್ತಿದ್ದೇವೆ. ಸಿಗ್ತಿಲ್ಲ ಮಾರಾಯ. ಎಲ್ಲಿದೆ ಹೇಳು, ಬರ್ಕೊಳ್ತೇನೆ."

ಅವನು ಕಾಗದ ಎಳೆದುಕೊಂಡ ಸದ್ದು ಕೇಳಿಸಿತು. ಬೈದಿದ್ದರೆ ನಾನೂ ಬೈದು ಪಾರಾಗುತ್ತಿದ್ದೆ.

"ತಪ್ಪು ವಿಮಾನದಲ್ಲಿಲ್ಲ," ಎಂದೆ. "ಎರಡು ಕೊಡ್ಬೇಕಿತ್ತು. ನೀನು ಮಾಡಿದ್ದು ಅಂತ ಹೊಟ್ಟೆಕಿಚ್ಚಿಗೆ ಐದು ಬರೆದೆ. ಈಗಲೇ ಕಂಪನಿಗೆ ಕಾಗದ ಬರೀತೇನೆ, ಕಾರಣ ಸಮೇತ."

ಅವನು ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಉಗಿಯಲಿ ಎಂದು ಕಾದೆ.

"ಹಾಗಾದ್ರೆ," ಎಂದ, "ಚೆನ್ನಾಗಿ ಇಳೀತದಾ?"

"ಚೆನ್ನಾಗಿ ಇಳೀತದೆ," ಎಂದೆ. ಅದನ್ನು ಹೇಳುವಾಗಲೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.