ಗಣಪತಿ ಕುಳಿತ ಪಿಯಾನೋ

ಆ ಹಳೆಯ ಪಿಯಾನೋದ ಬಿಳಿಯ ಪಟ್ಟಿಗಳ ಸಾಲಿನಲ್ಲಿ ನಡುವಿನದೊಂದು ಮಾತ್ರ, ನಮಸ್ಕಾರಕ್ಕೆ ಬಾಗಿದಂತೆ, ಸದಾ ತುಸು ತಗ್ಗಿರುತ್ತಿತ್ತು. ಆ ಮನೆಯ ಪೌರೋಹಿತ್ಯಕ್ಕೆ ಹೋದ ಮೊದಲ ದಿನವೇ ಅದು ನನ್ನ ಕಣ್ಣಿಗೆ ಬಿದ್ದಿತ್ತು.

ಊರು ಬಿಟ್ಟುಹೋದ ಪರದೇಶದ ಅಧಿಕಾರಿಯೊಬ್ಬನ ಸಾಮಾನು ಹರಾಜಾದಾಗ, ಮನೆಯ ಹಿರಿಯರು ಅದನ್ನು ಮಂಚವೆಂದೇ ಭಾವಿಸಿ ಕೊಂಡು ತಂದರಂತೆ. ಅವರ ಹಿರಿಯ ಮಗ ದೇವರನಾಮ ಹಾಡುವವರು. ಸಂಜೆ ಆ ಒಂದೇ ಪಟ್ಟಿಯನ್ನೊತ್ತಿ ಶ್ರುತಿ ಹಿಡಿಯುತ್ತಿದ್ದರು; ಉಳಿದ ಪಟ್ಟಿಗಳ ಗೊಡವೆಗೆ ಜೀವಮಾನವಿಡೀ ಹೋಗಲಿಲ್ಲ. ಅವರು ತೀರಿಕೊಂಡ ಮೇಲೆ ಪತ್ನಿ ವಿಶಾಲಾಕ್ಷಮ್ಮನವರು ಅದೇ ಪಟ್ಟಿಯನ್ನೊತ್ತಿ, ಅದೇ ಶ್ರುತಿಯಲ್ಲಿ ಹಾಡಿ, ಆಮೇಲೆಯೇ ದೀಪ ಹಚ್ಚುತ್ತಿದ್ದರು.

ಮುಂದೆ ಮನೆ ಪಾಲಾಯಿತು. ಹೊಲ, ಹಸು, ಹಂಡೆಗಳಿಗೆಲ್ಲ ಒಡೆಯರು ಗೊತ್ತಾದರು. ಪಿಯಾನೋ ಮಾತ್ರ ಯಾರ ಪಾಲಿಗೂ ಸೇರದೆ ಹಜಾರದಲ್ಲಿ ಉಳಿಯಿತು. ವಿಶಾಲಾಕ್ಷಮ್ಮನವರ ಮೈದುನ ನಂಜುಂಡಯ್ಯನವರು ಅದನ್ನು ಊರ ಕ್ಲಬ್ಬಿಗೆ ಮಾರುವುದಾಗಿ ಮಾತು ಕೊಟ್ಟುಬಿಟ್ಟರು. ಚೌತಿಯ ಬೆಳಗ್ಗೆ ನಾನು ಹೋದಾಗ ಮಣ್ಣಿನ ಗಣಪತಿ ಅದರ ಮೇಲೆಯೇ ವಿರಾಜಮಾನನಾಗಿದ್ದನು.

"ಅಲ್ಲೇ ಯಾಕಮ್ಮಾ?" ಎಂದೆ.

"ಎತ್ತರದ ಪೀಠ, ಶಾಸ್ತ್ರಿಗಳೇ. ಬೇಗ ಪ್ರಾಣಪ್ರತಿಷ್ಠೆ ಮಾಡಿಬಿಡಿ."

ಪ್ರತಿಷ್ಠೆಯಾದ ಮೂರ್ತಿಯನ್ನು ವಿಸರ್ಜನೆಯವರೆಗೆ ಕದಲಿಸುವಂತಿಲ್ಲ. ಮೂರ್ತಿ ಕದಲದೆ ಪಿಯಾನೋ ಕದಲದು. ಆ ತರ್ಕಕ್ಕೆ ನಾನು ಮನಸ್ಸಿನಲ್ಲೇ ತಲೆದೂಗಿದೆ.

"ಸಂಜೇನೇ ಬಿಟ್ಟುಬಿಡೋಣ ಅತ್ತಿಗೆ," ಎಂದರು ನಂಜುಂಡಯ್ಯ.

"ಹಿರೀ ಸೊಸೆ ನಾನಿದ್ದೀನಪ್ಪಾ. ಅನಂತ ಚತುರ್ದಶಿವರೆಗೂ ಸ್ವಾಮಿ ಏಳಲ್ಲ."

ಅಂದಿನಿಂದ ನೈವೇದ್ಯದ ತಟ್ಟೆಯಲ್ಲಿ ನಿತ್ಯವೂ ಒಂದು ಕಡುಬು ಕಾಣೆಯಾಗತೊಡಗಿತು. ನಂಜುಂಡಯ್ಯನವರು ನನ್ನ ಹೊಟ್ಟೆಯನ್ನು ದಿಟ್ಟಿಸಿ, "ಶಾಸ್ತ್ರಿಗಳಿಗೆ ಮಂಗಳಾರತಿವರೆಗೂ ತಡೆಯೋಲ್ಲ ಅಂತ ಕಾಣುತ್ತೆ," ಎಂದರು. ನಾನು ಗಾಯತ್ರಿಯ ಆಣೆಯಿಟ್ಟರೂ ಅವರ ನೋಟ ಕೆಳಗಿನಿಂದ ಮೇಲೇರಲಿಲ್ಲ.

ಚತುರ್ದಶಿ ಬಂದಿತು, ಕ್ಲಬ್ಬಿನ ಕಾರ್ಯದರ್ಶಿ ಎತ್ತಿನ ಗಾಡಿಯೊಡನೆ ಬಂದರು. ವಿಶಾಲಾಕ್ಷಮ್ಮನವರು ಕಂಬಕ್ಕೊರಗಿ, ಆ ತಗ್ಗಿದ ಪಟ್ಟಿಯನ್ನೇ ನೋಡುತ್ತ ನಿಂತಿದ್ದರು.

"ಒಂದ್ಸಲ ನುಡಿಸಿ ತೋರಿಸಿ ಸ್ವಾಮೀ," ಎಂದರು ಕಾರ್ಯದರ್ಶಿ.

ನಂಜುಂಡಯ್ಯನವರು ಎರಡೂ ಅಂಗೈಗಳನ್ನು ಪಟ್ಟಿಗಳ ಮೇಲೆ ಊರಿದರು. ಒಳಗೇನೋ ದಡಬಡಿಸಿತು. ಅರ್ಧ ಕಡುಬು ಕಚ್ಚಿಕೊಂಡ ಇಲಿಯೊಂದು ಹೊರಚಿಮ್ಮಿ, ಅವರಿಗಿಂತ ಇಂಪಾಗಿ ಪಟ್ಟಿಗಳ ಮೇಲೆ ಓಡಿ, ಗಣಪತಿಯ ಪಾದದ ಬಳಿ ಕುಳಿತುಬಿಟ್ಟಿತು. ಮೊದಲು ಕೈಮುಗಿದವರು ನಂಜುಂಡಯ್ಯನವರೇ. ಕಾರ್ಯದರ್ಶಿಗಳು ಮುಚ್ಚಳದ ಸಂದಿಯಲ್ಲಿ ಇಣುಕಿ, "ತಂತಿಗಿಂತ ಕಡುಬೇ ಜಾಸ್ತಿ ಇದೆಯಲ್ರೀ!" ಎಂದು ಗಾಡಿ ತಿರುಗಿಸಿದರು.

"ಅತ್ತಿಗೆ, ನಿಮಗೆ ಗೊತ್ತಿತ್ತಾ?"

"ವಾಹನ ಇಲ್ದೆ ಸ್ವಾಮಿ ಬರ್ತಾನೇನಪ್ಪಾ? ಪಾಪ, ಹಸಿದಿರುತ್ತೆ ಅಂತ ನಾನೇ ದಿನಾ ಒಂದು ಹಾಕ್ತಿದ್ದೆ."

ನಂಜುಂಡಯ್ಯನವರು ನನ್ನತ್ತ ತಿರುಗಿದರು. "ಈಗ ಹೇಳಿ ಶಾಸ್ತ್ರಿಗಳೇ, ಈ ಪಿಯಾನೋ ಯಾರ್ದು?"

"ಬಹುಕಾಲದಿಂದ ಯಾರ ಅನುಭೋಗದಲ್ಲಿದೆಯೋ ಅವರದು."

"ಅಂದ್ರೆ ಇಲೀದಾ?"

ಸಂಜೆ ಕೆರೆಯಲ್ಲಿ ವಿಸರ್ಜನೆ ಮುಗಿಸಿ ಬಂದೆವು. ಬರಿದಾದ ಮುಚ್ಚಳದ ಮೇಲೆ ಅಕ್ಷತೆ ಚೆಲ್ಲಿತ್ತು. ಇಲಿ ಒಳಗೆ ಏನೇನು ಕಡಿದುಹಾಕಿತ್ತೋ! ವಿಶಾಲಾಕ್ಷಮ್ಮನವರು ಅಂಜುತ್ತಲೇ ಆ ಪಟ್ಟಿಯನ್ನೊತ್ತಿದರು. ಅದು ನುಡಿಯಿತು. ಅವರು ಹಾಡತೊಡಗಿದರು. ಒದ್ದೆ ಪಂಚೆಯಲ್ಲಿ ಬಾಗಿಲಲ್ಲಿ ನಿಂತಿದ್ದ ನಂಜುಂಡಯ್ಯನವರೂ, ಅಣ್ಣನ ಶ್ರುತಿಗೆ ಎಲ್ಲೂ ಸೇರದ ದನಿಯಲ್ಲಿ, ಮೆಲ್ಲನೆ ದನಿಗೂಡಿಸಿದರು.

ಹಾಡು ಮುಗಿದು ಆಕೆ ದೀಪ ಹಚ್ಚಲು ಎದ್ದಾಗ, ಬೆರಳೆತ್ತಿದ ಮೇಲೂ ತಗ್ಗಿಯೇ ಇದ್ದ ಆ ಪಟ್ಟಿಯ ಪಕ್ಕದಲ್ಲಿ ನಂಜುಂಡಯ್ಯನವರು ಒಂದು ಕಡುಬನ್ನು ಸದ್ದಾಗದಂತೆ ಇಟ್ಟರು.