ಗಿಳಿಯಂಚಿನ ಹೋಂಪೇಜು

೧

ಎಲ್ಲಿಂದ ಶುರು ಮಾಡಲಿ? ತೊಪ್ಪೂರು ಘಾಟಿನಲ್ಲಿ ಬಸ್ಸು ಕೆಟ್ಟು ನಿಂತಾಗ ಈ ಕಥೆ ಹೊಳೆಯಿತು ಅಂತ ಬರೆದೆ. ಹೊಡೆದುಹಾಕಿದೆ. ಆ ಬಸ್ಸಿನಲ್ಲಿ ನಾನು ಇರಲೇ ಇಲ್ಲ. ಘಾಟು, ಮಂಜು, ಲಾರಿಗಳ ಸಾಲು ಅಂತೆಲ್ಲ ಬಂದರೆ ಕಥೆಗೆ ಒಂದು ತೂಕ ಬರುತ್ತದೆ ಎಂಬ ಆಸೆ, ಅಷ್ಟೇ.

'ವೆಲ್‌ಕಮ್ ಟು ಮೈ ಹೋಂಪೇಜ್' ಅಂತ ಬರೆದೆ. ಅದನ್ನೂ ಹೊಡೆದೆ. ೧೯೯೯ನೇ ಇಸವಿಯಲ್ಲಿ ಎಲ್ಲರೂ ವೆಲ್‌ಕಮ್ ಅನ್ನುವವರೇ. ನಂಬಿ ಒಳಗೆ ಹೋದರೆ ಒಂದು ಗುಲಾಬಿ ಹೂವು, ಗುದ್ದಲಿ ಹಿಡಿದು ಅಗೆಯುವ ಒಬ್ಬ ಬೊಂಬೆ ಮನುಷ್ಯ, 'ಕೆಲಸ ನಡೆಯುತ್ತಿದೆ' ಎಂಬ ಬೋರ್ಡು.

ಸರಿ, ನೇರವಾಗಿಯೇ ಹೇಳಿಬಿಡುತ್ತೇನೆ. ನಾನು ಸರಿತಾ. ತಾರಮಂಗಲಂನ ನೇಕಾರರ ಬೀದಿಯವಳು. ಸೇಲಂ ಜಂಕ್ಷನ್ ಹತ್ತಿರ ಕಾರ್ತಿಕೇಯನ್ ಸಾರ್ ನಡೆಸುವ ಬ್ರೌಸಿಂಗ್ ಸೆಂಟರಿನಲ್ಲಿ ಕೆಲಸ. ನನಗೊಂದು ವೆಬ್‌ಸೈಟ್ ಇದೆ. ಅದರಲ್ಲಿ ನನ್ನ ಅಮ್ಮನ ಹೆಸರಿದೆ. ಅದನ್ನು ತೆಗೆಯಬೇಕು ಎಂದು ಚಿಕ್ಕಪ್ಪ ಹೇಳಿದ್ದಾರೆ. ನಾನು ತೆಗೆಯುವುದಿಲ್ಲ ಎಂದಿದ್ದೇನೆ.

ಇದೇ ಕಥೆ. ಇಷ್ಟು ಸಾಕು ಅನ್ನಿಸಿದರೆ ಮೇಲಿನ ಮೂಲೆಯಲ್ಲಿರುವ ಗುಣಾಕಾರದ ಗುರುತನ್ನು ಒತ್ತಿ ಹೋಗಬಹುದು. ನನಗೇನೂ ಬೇಜಾರಿಲ್ಲ. (ಇದೆ.)

೨

ವೆಬ್‌ಸೈಟ್ ನಡೆಸುವುದು ಎಂದರೆ ಏನು ಅಂತ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಜಾಗ ಅಮೆರಿಕಾದ ಯಾರೋ ಪುಣ್ಯಾತ್ಮರದು, ಬಿಟ್ಟಿ. ಬಿಟ್ಟಿ ಕೊಟ್ಟ ತಪ್ಪಿಗೆ ನನ್ನ ಹಣೆಯ ಮೇಲೆ ಅವರ ಜಾಹೀರಾತು ಅಂಟಿಸುತ್ತಾರೆ. ಗಿರಾಕಿ ಇಲ್ಲದ ಹೊತ್ತು ನೋಡಿ ನಾನು ಫ್ಲಾಪಿ ಹಾಕಬೇಕು. ಪುಟ ಅರ್ಧ ಏರಿರುತ್ತದೆ, ಅಷ್ಟರಲ್ಲಿ ಸಾರ್ ಊಟಕ್ಕೆ ಏನು ಸಾಂಬಾರು ಅಂತ ಮನೆಗೆ ಕೇಳಲು ಫೋನ್ ಎತ್ತುತ್ತಾರೆ. ಲೈನು ಕಟ್ಟಾಗುತ್ತದೆ. ಸಾಂಬಾರು ಯಾವುದೆಂದು ನನಗೂ ತಿಳಿಯುವುದಿಲ್ಲ, ಅಮೆರಿಕಾಕ್ಕೂ ತಿಳಿಯುವುದಿಲ್ಲ.

ಕೆಳಗಡೆ ಎಷ್ಟು ಜನ ಬಂದರು ಎಂದು ತೋರಿಸುವ ಒಂದು ಕೌಂಟರ್ ಇದೆ. ಬೆಳಿಗ್ಗೆ ನೋಡಿದರೆ ಸಂಖ್ಯೆ ಏರಿರುತ್ತದೆ. ಖುಷಿಯಾಗುತ್ತದೆ. ಆಮೇಲೆ ನೆನಪಾಗುತ್ತದೆ: ಹಿಂದಿನ ದಿನ ಆಗಾಗ ಬಂದು ನೋಡಿದವಳು ನಾನೇ.

ಗೆಸ್ಟ್‌ಬುಕ್ಕಿನಲ್ಲಿ ಇಂದಿನವರೆಗೆ ಬರೆದವರು ಒಬ್ಬರೇ. 'ನೈಸ್ ಸೈಟ್. ವಿಸಿಟ್ ಮೈನ್.' ನಾನು ಹೋದೆ. ಅಲ್ಲಿ ಗುದ್ದಲಿಯವನು ಅಗೆಯುತ್ತಿದ್ದ.

೩

ಕನ್ನಡದಲ್ಲೇ ಯಾಕೆ? ಕಾರ್ತಿಕೇಯನ್ ಸಾರ್ ಕೂಡ ಇದನ್ನೇ ಕೇಳುತ್ತಾರೆ. ಪರದೆಯ ಮೇಲಿನ ಅಕ್ಷರ ನೋಡಿ, "ಎನ್ನ ಮಾ ಇದು, ಕೋಲಮಾ?" ಅಂತ, ರಂಗೋಲಿಯನ್ನು ಕಂಡವರ ಹಾಗೆ.

ನಮ್ಮ ಬೀದಿಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ. ಜಗಳ, ಲಾಲಿ, ಮಗ್ಗದ ಮುಂದಿನ ಗೊಣಗಾಟ, ಎಲ್ಲ ಕನ್ನಡವೇ. ಓದಲು ಮಾತ್ರ ಒಬ್ಬರಿಗೂ ಬರುವುದಿಲ್ಲ. ಇಸ್ಕೂಲು ತಮಿಳು, ರೇಷನ್ ಕಾರ್ಡು ತಮಿಳು. ನಾನು ಅಕ್ಷರ ಕಲಿತದ್ದು ಸೇಲಂ ಬಸ್ ಸ್ಟ್ಯಾಂಡಿನಲ್ಲಿ, ಕರ್ನಾಟಕದ ಸರ್ಕಾರಿ ಬಸ್ಸುಗಳ ಬೋರ್ಡು ನೋಡಿ. ನಾನು ಮೊದಲು ಓದಿದ ಪೂರ್ತಿ ವಾಕ್ಯ 'ಟಿಕೆಟ್ ಕೇಳಿ ಪಡೆಯಿರಿ'. ಉಳಿದದ್ದು ಅಂಚೆಯಲ್ಲಿ ಪಾಠ ತರಿಸಿಕೊಂಡು ಕಲಿತೆ. ಆದ್ದರಿಂದಲೇ ನನ್ನ ಬರವಣಿಗೆ ಇಸ್ತ್ರಿ ಹಾಕಿದ ಹಾಗಿದೆ. ಅಮ್ಮನಿಗೆ ಓದಿ ಹೇಳಿದರೆ, "ಯಾರ್ ಮಾತು ಇದು? ನಿನ್ ಬಾಯಿ ಇಂಗಿಲ್ವಲ್ಲ" ಅನ್ನುತ್ತಾಳೆ.

ಕಂಪ್ಯೂಟರಿಗೂ ಕನ್ನಡ ಬರುವುದಿಲ್ಲ. ನೀವು ಈಗ ಓದುತ್ತಿರುವುದು ನನ್ನ ಕೈಬರಹವನ್ನು ಸ್ಕ್ಯಾನ್ ಮಾಡಿದ ಚಿತ್ರ. ಆದ್ದರಿಂದ ಹೊಡೆದುಹಾಕಿದ್ದೂ ನಿಮಗೆ ಕಾಣುತ್ತಿದೆ. ನಿಧಾನವಾಗಿ ಮೇಲಿಂದ ಕೆಳಕ್ಕೆ ಇಳಿಯುತ್ತಿದ್ದರೆ ಬಯ್ಯಬೇಡಿ, ಒಂದು ಲೋಟ ಟೀ ಕುಡಿದು ಬನ್ನಿ.

೪

ತಲೆಬರಹ ಮಾತ್ರ ಚೆನ್ನಾಗಿರಲಿ ಎಂದು ಅಮ್ಮನನ್ನು ಕೇಳಿದೆ.

ಅಮ್ಮ ಗೋವಿಂದಮ್ಮ. ಸೀರೆಯ ಅಂಚಿನ ಡಿಸೈನು ಬರೆಯುವವಳು. ಗ್ರಾಫ್ ಹಾಳೆಯ ಚೌಕಗಳಿಗೆ ಒಂದೊಂದಾಗಿ ಬಣ್ಣ ತುಂಬುತ್ತಾಳೆ. ಅದನ್ನು ನೋಡಿ ಅಟ್ಟೆಗೆ, ಅಂದರೆ ರಟ್ಟಿಗೆ, ತೂತು ಹೊಡೆದು, ಆ ಅಟ್ಟೆಯನ್ನು ಮಗ್ಗದ ಮೇಲೆ ಕಟ್ಟಿದರೆ ಅಂಚಿನಲ್ಲಿ ಹೂವು, ಹಕ್ಕಿ ಎದ್ದು ಬರುತ್ತವೆ. ಕಂಪ್ಯೂಟರಿನ ಚಿತ್ರವೂ ಚೌಕಗಳೇ ಅಲ್ಲವೇ? ತಲೆಬರಹಕ್ಕೆ ಅವಳ ಹೆಸರೇ ಇರಲಿ ಎಂದು ಅದರ ಅಕ್ಷರಗಳನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆ. "ಇಷ್ಟೇನಾ ನಾನು?" ಎಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕೆಲವು ದಿನ ಬಿಟ್ಟು ಗ್ರಾಫ್ ಕೊಟ್ಟಳು.

ಎಲ್ಲ ಅಕ್ಷರವೂ ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದು!

ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಮಗ್ಗದವರಲ್ಲದೆ ಇನ್ಯಾರೂ ಮಾಡಲಾರದ ತಪ್ಪು ಅದು. ನಮ್ಮಲ್ಲಿ ಸೀರೆ ನೇಯುವಾಗ ಒಳಮೈ ಮೇಲಕ್ಕಿರುತ್ತದೆ, ಹೊರಮೈ ಕೆಳಗೆ. ಹಾಗಾಗಿ ಗಿಳಿ ಬಲಕ್ಕೆ ನೋಡಬೇಕಾದರೆ ಗ್ರಾಫಿನಲ್ಲಿ ಎಡಕ್ಕೆ ನೋಡುವಂತೆ ಬರೆಯುತ್ತಾರೆ. ಅಮ್ಮನ ಕೈ ಅಭ್ಯಾಸದಂತೆ ನಡೆದಿದೆ ಎಂದುಕೊಂಡೆ. "ಅಮ್ಮ, ಇದು ಸೀರೆ ಅಲ್ಲ, ಕಂಪ್ಯೂಟ್ರು" ಎಂದೆ. ಅವಳು ಗ್ರಾಫ್ ಹಾಳೆಯ ಕಡೆ ತಿರುಗಿ ಬಣ್ಣ ತುಂಬತೊಡಗಿದಳು. ನಾನು ಕಂಪ್ಯೂಟರಿನ ಪೇಂಟಿನಲ್ಲಿ ಚಿತ್ರವನ್ನು ತಿರುವಿ ನೇರ ಮಾಡಿ ಹಾಕಿದೆ. 'ನಮ್ಮಮ್ಮನ ಉಲ್ಟಾ ಅಕ್ಷರ' ಅಂತ ಒಂದು ತಮಾಷೆಯ ಟಿಪ್ಪಣಿಯನ್ನೂ ಬರೆದೆ.

(ಆ ಟಿಪ್ಪಣಿಯನ್ನು ಈಗ ತೆಗೆದಿದ್ದೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.)

೫

ಈ ಅಧ್ಯಾಯದಲ್ಲಿ ಅಪ್ಪ ಬರಬೇಕಿತ್ತು. "ನಿನ್ನ ಏನು ಮಾಡಲಪ್ಪ ಈ ಕಥೆಯಲ್ಲಿ?" ಎಂದು ಕೇಳಿದೆ.

"ನನ್ನ ಇದ್ರಾಗೆ ಎಳೀಬೇಡ ತಾಯಿ. ಬೇಕಾದ್ರೆ ಮಗ್ಗದ ಸದ್ದು ಆಕ್ಕೋ."

ಹಾಕಿಕೊಂಡಿದ್ದೇನೆ. ಟಕ್ ಟಕಾ, ಟಕ್ ಟಕಾ. ಎಲ್ಲ ಪುಟಗಳ ಹಿಂದೆಯೂ ಇದೆ ಎಂದು ತಿಳಿಯಿರಿ.

೬

ಈಗ ಚಿಕ್ಕಪ್ಪ.

ಪುಟ್ಟಪ್ಪ, ಅಪ್ಪನ ತಮ್ಮ. ಬೀದಿಯ ಹಲವು ಮಗ್ಗಗಳಿಗೆ ನೂಲು, ಪಾವು ಕೊಟ್ಟು ಸೀರೆ ನೇಯಿಸಿ ಮಾರುವವರು. ಪಾವು ಎಂದರೆ ಮಗ್ಗಕ್ಕೆ ಹಾಸುವ ಉದ್ದ ನೂಲು. ಅದು ಬರದಿದ್ದರೆ ಮಗ್ಗ ಬರೀ ಮರದ ಕಟ್ಟು. ಅಮ್ಮ ಬರೆದ ಗ್ರಾಫ್ ಎಲ್ಲ ಹೋಗುವುದು ಅವರಿಗೇ. ಈ ವರ್ಷ ಅವಳು ನಮ್ಮೂರ ಗುಡಿಯ ಕಂಬ ನೋಡಿ ಒಂದು ಗಿಳಿಯಂಚು ಬರೆದಳು. ಸೇಲಂನ ಕೈಮಗ್ಗದ ಪ್ರದರ್ಶನದಲ್ಲಿ ಅದಕ್ಕೆ ಒಳ್ಳೆಯ ಡಿಸೈನಿನ ಬಹುಮಾನ ಬಂತು. ಸೀರೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಪಕ್ಕದಲ್ಲಿ ತಮಿಳಿನ ಕಾರ್ಡು: 'ವಡಿವಮೈಪ್ಪು: ಪುಟ್ಟಪ್ಪ'. ವಿನ್ಯಾಸ ಪುಟ್ಟಪ್ಪನದು!

ನಾನು ಆ ಕಾರ್ಡನ್ನೇ ನೋಡುತ್ತಾ ನಿಂತು ಉರಿದುಹೋದೆ. ಅಂದೇ ಅಮ್ಮನ ಹತ್ತಿರ ಗಿಳಿಯನ್ನಷ್ಟೇ ಇನ್ನೊಂದು ಹಾಳೆಯಲ್ಲಿ ಬರೆಸಿಕೊಂಡು ಸೈಟಿಗೆ ಹಾಕಿದೆ. ಕೆಳಗೆ ಒಂದು ಸಾಲು ಇಂಗ್ಲಿಷ್: ಈ ಅಂಚು ಬರೆದವಳು ನನ್ನ ತಾಯಿ ಗೋವಿಂದಮ್ಮ. ಆ ಒಂದು ಸಾಲೇ ಎಡವಟ್ಟಾಯಿತು. ಕರೂರಿನ ಒಬ್ಬ ವ್ಯಾಪಾರಿ ಅದನ್ನು ನೋಡಿ, ಪ್ರಿಂಟ್ ತೆಗೆದು ತಂದು ಚಿಕ್ಕಪ್ಪನ ಮುಂದೆ ಹಿಡಿದ. "ಯಾರು ಸಾರ್ ಈ ಗೋವಿಂದಮ್ಮ?"

ಕೊನೆಗೂ ನನ್ನ ಸೈಟಿಗೆ ನಾನಲ್ಲದ ಒಬ್ಬ ಓದುಗ ಸಿಕ್ಕಿದ್ದ. ಸಿಕ್ಕಿದ್ದು ಇಂಥವನು.

೭

(ಇದು ನಡೆದದ್ದಲ್ಲ. ಮೇಲಿನದನ್ನು ಬರೆಯುವಾಗ ಚಿಕ್ಕಪ್ಪ ಕಥೆಯೊಳಗಿಂದ ಎದ್ದು ಬಂದು ನನ್ನ ಮೇಜಿನ ಮುಂದೆ ನಿಂತರು ಎಂದುಕೊಳ್ಳಿ.)

"ಏನ್ಮಾ, ನನ್ನ ಬರೀ ಕೆಟ್ಟೋನಾಗೇ ಬರ್ದಿದ್ದೀಯ? ನಿಮ್ಮಪ್ಪಂಗೆ ಕಾಮಾಲೆ ಬಂದಾಗ ಆಸ್ಪತ್ರೆಗೆ ಒತ್ಕೊಂಡೋದೋನು ಯಾರು? ಅದ್ನೂ ಬರಿ."

"ನೀವೇ. ಬರ್ದಿದ್ದೀನಿ ನೋಡಿ ಚಿಕ್ಕಪ್ಪ."

"ಎಂಗ್ ನೋಡ್ಲಿ? ನಂಗೆ ಈ ಎಳುತ್ತು ಓದಕ್ ಬರಲ್ಲ. ತಮಿಳ್ನಾಗೆ ಬರಿ."

"ಬರೆಯಲ್ಲ."

"ಪಿಡಿವಾದಂ" ಎಂದು ಗೊಣಗುತ್ತಾ ಕಥೆಯೊಳಕ್ಕೆ ವಾಪಸ್ಸು ಹೋದರು. ಹೌದು, ಹಟವೇ. ಅವರು ಒಳ್ಳೆಯವರೂ ಹೌದು. ಒಳ್ಳೆಯವರಾದ ಮಾತ್ರಕ್ಕೆ ಗಿಳಿ ಅವರದಾಗುವುದಿಲ್ಲ.

೮

ಮುಗಿತಾಯಗಳು. ಆರಿಸಿಕೊಳ್ಳಿ.

ಮೊದಲನೆಯದು: ಪ್ರದರ್ಶನದ ವೇದಿಕೆಗೆ ಅಮ್ಮನನ್ನು ಕರೆಯುತ್ತಾರೆ. ಶಾಲು, ಹಾರ, ನಾದಸ್ವರ. ಚಿಕ್ಕಪ್ಪ ಮೈಕ್ ಹಿಡಿದು ಅಳುತ್ತಾರೆ. ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಪುಟ್ಟಪ್ಪ ಅಳೋದಾ? ಅವ್ರವ್ವ ಸತ್ತಾಗ್ಲೂ ಅಳ್ಲಿಲ್ಲ" ಎಂದು ನಕ್ಕುಬಿಟ್ಟಳು. ಹೊಡೆದುಹಾಕಿದೆ.

ಎರಡನೆಯದು: ನಾನು ಹೆಸರು ಅಳಿಸುತ್ತೇನೆ, ಚಿಕ್ಕಪ್ಪ ಖುಷಿಯಾಗಿ ಪಾವು ಕಳಿಸುತ್ತಾರೆ, ಎಲ್ಲರೂ ಸುಖವಾಗಿರುತ್ತಾರೆ. ಇದನ್ನು ಬರೆಯುವ ಮೊದಲೇ ಹೊಡೆದುಹಾಕಿದೆ.

ನಡೆದದ್ದು ಹೀಗೆ.

೯

ಒಂದು ಮಧ್ಯಾಹ್ನ ಚಿಕ್ಕಪ್ಪ ಸೆಂಟರಿಗೇ ಬಂದರು. ಹಿಂದೆ ಅಮ್ಮ. ಕಾರ್ತಿಕೇಯನ್ ಸಾರ್ ಕುರ್ಚಿ ಹಾಕಿದರು. ಚಿಕ್ಕಪ್ಪ ಕೂರಲಿಲ್ಲ.

"ಎಲ್ಲೈತೆ ಅದು? ತೋರ್ಸು."

ತೋರಿಸಿದೆ. ಗಿಳಿ ಮೇಲಿಂದ ಕೆಳಕ್ಕೆ ಇಳಿಯಿತು: ಕೊಕ್ಕು, ಕತ್ತು, ರೆಕ್ಕೆ. ಚಿಕ್ಕಪ್ಪನ ಮುಖ ಒಂದು ಗಳಿಗೆ ಸಡಿಲವಾಯಿತು. ಚೆನ್ನಾಗಿದ್ದದ್ದು ಚೆನ್ನಾಗಿದೆ ಅಂತ ಅವರಿಗೂ ಗೊತ್ತು.

"ಅಳ್ಸು."

"ಆಗಲ್ಲ ಚಿಕ್ಕಪ್ಪ. ಅಮ್ಮ ಬರೆದದ್ದಕ್ಕೆ ಅಮ್ಮನ ಹೆಸರು ಹಾಕಿದ್ದೀನಿ. ಅದರಲ್ಲಿ ಸುಳ್ಳೇನಿದೆ?"

"ಮರ್ಯಾದೆ ಓತೈತೆ ನಂದು! ಊರೆಲ್ಲ ಕೇಳ್ತೈತೆ. ಇದು ಇರಾಗಂಟ ನಿಮ್ಮನೆಗೆ ಪಾವು ಇಲ್ಲ. ನಿಮ್ಮಪ್ಪ ಮಗ್ಗದ ಮುಂದೆ ಸುಮ್ನೆ ಕುಂತಿರ್ಲಿ."

ಟಕ್ ಟಕಾ ನಿಂತುಹೋದ ಹಾಗೆ ಕೇಳಿಸಿತು ನನಗೆ. ಆದರೂ ನಾನು ಮೌಸಿನಿಂದ ಕೈ ತೆಗೆದು ಕಟ್ಟಿಕೊಂಡು ಕೂತೆ. ಭಯವಾಗಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು.

ಆಗ ಅಮ್ಮ ಹೇಳಿದಳು: "ಅಳ್ಸಮ್ಮ."

"ಅಮ್ಮ!"

"ನಾನೇಳ್ತೀನಲ್ಲ. ಅಳ್ಸು."

ಓದುಗರೇ, ಆ ಹೊತ್ತಿನಲ್ಲಿ ಅಮ್ಮನನ್ನು ಈ ಕಥೆಯಿಂದಲೇ ಹೊಡೆದುಹಾಕಬೇಕು ಅನ್ನಿಸಿತು. ಯಾರಿಗಾಗಿ ಹೋರಾಡುತ್ತೇವೋ ಅವರೇ ಬಂದು ಸಾಕು ಬಿಡು ಅಂದರೆ ಏನು ಮಾಡುತ್ತೀರಿ? ಚಿಕ್ಕಪ್ಪ ಹೇಳಿದ್ದಕ್ಕಲ್ಲ, ಅವಳು ಹೇಳಿದ್ದಕ್ಕೆ ಅಳಿಸಿದೆ. ಅಳುತ್ತಲೇ ಪುಟವನ್ನೇ ಅಳಿಸಿದೆ. "ಓಯ್ತಾ?" ಎಂದರು ಚಿಕ್ಕಪ್ಪ. "ಹೋಯ್ತು" ಎಂದೆ. "ನಾಳೆ ಪಾವು ಕಳ್ಸ್ತೀನಿ ಅತ್ಗೆ" ಎಂದು ಅಮ್ಮನಿಗೆ ಹೇಳಿ ಹೊರಟುಹೋದರು.

೧೦

ಬಸ್ ಸ್ಟ್ಯಾಂಡಿನವರೆಗೆ ನಾನು ಅವಳಿಗಿಂತ ಮುಂದೆ ಮುಂದೆ ನಡೆದೆ. ಬೆಂಗಳೂರು ಬಸ್ಸುಗಳು ನಿಲ್ಲುವ ಕಡೆ ಅವಳು ನಿಂತಳು.

"ನಿಂಗೆ ಓದಕ್ ಬರ್ತೈತೆ ತಾನೆ?"

"ಏನೀಗ?"

"ಕಾಲ್ಕಡೆ ನೋಡು."

ಅವಳು ಉಟ್ಟಿದ್ದು ಗಿಳಿಯಂಚಿನ ಸೀರೆ. ನೇಯುವಾಗ ಎಳೆ ತಪ್ಪಿ ಡ್ಯಾಮೇಜ್ ಆದದ್ದನ್ನು ನೇಯ್ದವರಿಗೇ ಬಿಡುತ್ತಾರೆ, ಅಂಥದ್ದು. ಬಗ್ಗಿ ನೋಡಿದೆ. ಗಿಳಿ, ಅದರ ಮುಂದೆ ಬಳ್ಳಿ, ಮತ್ತೆ ಗಿಳಿ, ಮತ್ತೆ ಬಳ್ಳಿ.

ಅದು ಬಳ್ಳಿಯಲ್ಲ.

ಗೋವಿಂದಮ್ಮ. ಗಿಳಿ. ಗೋವಿಂದಮ್ಮ. ಗಿಳಿ. ಜರಿಯಲ್ಲಿ, ನೇರವಾಗಿ, ಸ್ಪಷ್ಟವಾಗಿ, ಸೀರೆಯ ಸುತ್ತಲೂ ಗೋವಿಂದಮ್ಮ!

ಅವಳು ಉಲ್ಟಾ ಬರೆದದ್ದು ತಪ್ಪಿನಿಂದಲ್ಲ. ಮಗ್ಗಕ್ಕೆಂದೇ ಬರೆದದ್ದು. ನನಗೆ ಕೊಟ್ಟದ್ದು ಅದರ ನಕಲು. ಚಿಕ್ಕಪ್ಪ ಅದನ್ನು ಬಳ್ಳಿ ಅಂದುಕೊಂಡೇ ಅಟ್ಟೆ ಹೊಡೆಸಿದರು, ಬೀದಿಯವರು ಬಳ್ಳಿ ಅಂದುಕೊಂಡೇ ನೇಯ್ದರು. ಓದಲು ಬರುವವಳು ನಾನೊಬ್ಬಳು, ನಾನು ಕಂಪ್ಯೂಟರ್ ನೋಡುತ್ತಾ ಕೂತಿದ್ದೆ.

"ಮೊದಲೇ ಯಾಕೆ ಹೇಳಲಿಲ್ಲ?"

"ನೀನು ನಗ್ತಿದ್ದೆಯಲ್ಲ" ಎಂದಳು. ಆಮೇಲೆ ನನ್ನ ಕೈ ಹಿಡಿದು, "ಬಾ, ಪರಿಸು ಬಂದ ಸೀರೆ ನೋಡ್ಕೊಂಡೋಗಣ."

ಬಹುಮಾನದ ಸೀರೆ ನೋಡಲು ಪ್ರದರ್ಶನಕ್ಕೆ ಹೋದೆವು. ಗಾಜಿನ ಪೆಟ್ಟಿಗೆಯಲ್ಲಿ ಕಾರ್ಡಿನ ಮೇಲೆ ಪುಟ್ಟಪ್ಪ. ಸೀರೆಯ ಮೇಲೆಲ್ಲ ಗೋವಿಂದಮ್ಮ. ನಾನು ಕಾರ್ಡನ್ನು ನೋಡಲಿಲ್ಲ. ಅಮ್ಮ ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಅವಳ ಮುಖದಲ್ಲಿ ಅಂಥ ಜಂಬವನ್ನು ನಾನು ಎಂದೂ ಕಂಡಿರಲಿಲ್ಲ.

೧೧

ಪುಟವನ್ನು ಮತ್ತೆ ಹಾಕಿದ್ದೇನೆ. ವಿಳಾಸ ಬೇರೆ. ಇಂಗ್ಲಿಷ್ ಒಂದು ಸಾಲೂ ಇಲ್ಲ. ತಲೆಬರಹವನ್ನು ಈ ಸಲ ತಿರುವಿಲ್ಲ, ಅಮ್ಮ ಬರೆದಂತೆಯೇ ಉಲ್ಟಾ ಇದೆ. ಓದಬೇಕಾದರೆ ಪರದೆಯ ಮುಂದೆ ಕನ್ನಡಿ ಹಿಡಿಯಿರಿ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದು ವಿಷಯದಲ್ಲಿ ನನಗೂ ಅಮ್ಮನಿಗೂ ಇನ್ನೂ ಜಗಳ ನಡೆಯುತ್ತಿದೆ. ನೀವು ಎಂದಾದರೂ ಸೇಲಂ ಕಡೆಯ ಮದುವೆಗೆ ಬರುತ್ತೀರಿ. ಹೆಂಗಸರು ಊಟದ ಪಂಕ್ತಿಯಲ್ಲಿ ಎದ್ದು ನಿಲ್ಲುತ್ತಾರೆ. ಗಿಳಿಯಂಚು ಕಾಣುತ್ತದೆ. ನಿಮಗೆ ಓದಲು ಬರುತ್ತದೆ.

"ಮನಸ್ನಾಗೇ ಓದ್ಕೊಳಕ್ಕೇಳು" ಎನ್ನುತ್ತಾಳೆ ಅಮ್ಮ. "ಪುಟ್ಟಪ್ಪನ ಕಿವಿಗೆ ಬಿದ್ರೆ ಅಟ್ಟೆ ಅರ್ದಾಕ್ತಾನೆ. ಪಾವೂ ನಿಲ್ಲಿಸ್ತಾನೆ."

ನಾನು ಹೇಳುವುದು: ಗಟ್ಟಿಯಾಗಿ ಓದಿ. ಪಂಕ್ತಿಯಲ್ಲಿ ಕೂತವರೆಲ್ಲ ತಿರುಗಿ ನೋಡುವ ಹಾಗೆ.

"ಬ್ಯಾಡ ಅಂದೆ."

"ಓದಲಿ ಬಿಡಮ್ಮ."

"ಸರಿತಾ, ಪೆನ್ನು ಕೆಳಗಿಡು."

ಇಡುವುದಿಲ್ಲ